ಸಿಂಗ್ರಯ್ಯನವರನ್ನು ಅಳಿಸಲು ಹೊರಟಿದ್ದು

ಹಲ್ಲಿನ ಡಾಕ್ಟರ ಮನೆ ಮುಂದೆ ಹದಿನಾರು ಎಮ್ಮೆಗಳು ಸಾಲಾಗಿ ನಿಂತ ದಿನ ನನ್ನ ಕೆಲಸ ಹೋಯಿತೆಂದೇ ತಿಳಿದಿದ್ದೆ. ತಪ್ಪು ನನ್ನದೇ. ಹಿಂದಿನ ಸಂಜೆ ಕೋಷ್ಟಕದಲ್ಲಿ ಅವರ ಮನೆ ನಂಬರು ತಿದ್ದುವಾಗ ಕೈ ಜಾರಿ ಪಕ್ಕದ ಕಾಲಂನಲ್ಲಿ ಒಂದು ಕೊಂಬು ಹೆಚ್ಚಾಗಿ ಬಿದ್ದು, 'ಹಲ್ಲಿನ ಡಾಕ್ಟರು' ಹೋಗಿ 'ಹುಲ್ಲಿನ ಡಾಕ್ಟರು' ಆಗಿತ್ತು. ಆ ಸಭ್ಯ ಮನುಷ್ಯ ಬೆಳಗ್ಗೆ ಎದ್ದವರೇ ಕುರ್ಚಿ, ಚಿಮಟ ಎಲ್ಲ ಮೂಲೆಗೆ ತಳ್ಳಿ, ಅಂಗಳದಲ್ಲಿ ಕೂತು ಗರಿಕೆಯ ನಾಡಿ ನೋಡುತ್ತಿದ್ದರು. ಎಮ್ಮೆಗಳಿಗೆ ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ, ಅವು ತಾವಾಗಿ ಬಂದಿದ್ದವು. ಒಂದೂ ನುಗ್ಗಾಡಲಿಲ್ಲ. ನಮ್ಮೂರಿನ ಜನರಿಗೆ ಇಲ್ಲದ ಶಿಸ್ತು ಅವಕ್ಕಿತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಒಂಬತ್ತು ಗಂಟೆಗೆ ಸರಿಯಾಗಿ ಸಿಂಗ್ರಯ್ಯನವರು ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. 'ಹ ಅಕ್ಷರಕ್ಕೆ ಕೊಂಬು ಅನಗತ್ಯ. ಎಮ್ಮೆಗಳಿಗೆ ಈಗಾಗಲೇ ಎರಡೆರಡು ಇವೆ' ಎಂದು ಬರೆದಿತ್ತು. ನಾನು ಹಲ್ಲು ಕಚ್ಚಿಕೊಂಡು ಕೊಂಬು ತೆಗೆದೆ. ಎಮ್ಮೆಗಳು ಒಂದರ ಮುಖ ಒಂದು ನೋಡಿಕೊಂಡು ಮನೆಗೆ ಹೋದವು.

ನಮ್ಮೂರಿನ ರೀತಿಯೇ ಹೀಗೆ. ಕೋಷ್ಟಕದಲ್ಲಿ ಏನಿದೆಯೋ ಊರಿನಲ್ಲಿ ಅದೇ ಇರುತ್ತದೆ. ಪ್ರತಿ ಮನುಷ್ಯನಿಗೆ, ಮನೆಗೆ, ಬೀದಿದೀಪಕ್ಕೆ, ನಾಯಿಗೆ, ನುಗ್ಗೆಮರಕ್ಕೆ ಒಂದೊಂದು ಸಾಲು, ಸಾಲಿಗೊಂದು ನಂಬರು. ಯಾರು ಯಾರಿಗೆ ಏನಾಗಬೇಕು ಅನ್ನುವುದಕ್ಕೆ ಒಂದು ಸಾಲಿನಿಂದ ಇನ್ನೊಂದಕ್ಕೆ ಕೊಂಡಿ. ಗಿರಣಿಯಲ್ಲಿ ಯಾರ ಹಿಟ್ಟಿನ ಸರದಿ, ಯಾವ ಬೀದಿಗೆ ಇವತ್ತು ನೀರು, ಪದ್ದಮ್ಮನ ಮೆಸ್ಸಿನಲ್ಲಿ ಮಧ್ಯಾಹ್ನಕ್ಕೆ ಏನು ಸಾರು ಎಂದು ಜನ ತಮ್ಮ ಫೋನಿನಲ್ಲಿ ಒತ್ತಿದರೆ, ಆ ಪುಟಗಳೆಲ್ಲ ನನ್ನ ಕೋಷ್ಟಕವನ್ನೇ ಕೇಳಿಕೊಂಡು ಉತ್ತರ ಕೊಡುತ್ತಿದ್ದವು. ಪಕ್ಕಾ ಎನ್ನುವ ಗುಂಡಿ ಒತ್ತಿದ ಕ್ಷಣದಲ್ಲೇ ಬರೆದದ್ದು ಆಗಿಬಿಡುತ್ತಿತ್ತು. ಒಮ್ಮೆ ಬಸ್ ನಿಲ್ದಾಣದ ಕೆಟ್ಟ ತೂಕದ ಯಂತ್ರವನ್ನು ಅಳಿಸಿದ್ದೆ. ಅದು ಅಲ್ಲಿ ಇತ್ತೆನ್ನುವುದೇ ಈಗ ಯಾರಿಗೂ ನೆನಪಿಲ್ಲ. ನನಗೂ ಇಲ್ಲ. ಅಳಿಸಿದ್ದೇನೆಂದು ಬರೆದಿಟ್ಟ ಚೀಟಿಯಲ್ಲಿ ನನ್ನದೇ ಕೈಬರಹ ಇರುವುದರಿಂದ ನಂಬಿದ್ದೇನೆ, ಅಷ್ಟೆ.

ಕೋಷ್ಟಕದ ಯಂತ್ರ ಇದ್ದದ್ದು ಹಳೆಯ ಐಸ್ ಫ್ಯಾಕ್ಟರಿಯಲ್ಲಿ. ತಣ್ಣಗಿರುತ್ತದೆಂದು ಅಲ್ಲಿಟ್ಟಿದ್ದರು. ಒಳಗಿನ ತಂತ್ರಾಂಶವನ್ನು ಯಾರಿಂದಲೂ ಕೊಂಡು ತಂದದ್ದಲ್ಲ. ಯಾರ್ಯಾರೋ ಎಲ್ಲೆಲ್ಲೋ ಕೂತು ಬಿಡುವಿನಲ್ಲಿ ಒಂದೊಂದು ತುಂಡು ಬರೆದು, ಬೇಕಾದವರು ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಪ್ಪಿದ್ದರೆ ತಿದ್ದಿ ಎಂದು ಬಿಟ್ಟಿದ್ದರಂತೆ. ಊರಿಗೆ ಅದು ಬಂದ ಹೊಸದರಲ್ಲಿ, "ಮಾಲೀಕರೇ ಇಲ್ಲದ ವಸ್ತುನ ನಂಬೋದು ಹೆಂಗೆ?" ಎಂದು ಯಾರೋ ಕೇಳಿದ್ದಕ್ಕೆ, "ಮಾಲೀಕರಿಲ್ಲ ಅಂತಲೇ ನಂಬೋದು" ಎಂದಿದ್ದು ಇದೇ ಸಿಂಗ್ರಯ್ಯನವರು. ಹಾಗಾಗಿ ನಮ್ಮ ಕೋಷ್ಟಕವೂ ಬಯಲಲ್ಲೇ ಇತ್ತು. ಪರದೆಯನ್ನು ಬೀದಿಯ ಕಡೆಗೊಂದು, ನನ್ನ ಕಡೆಗೊಂದು ಇಟ್ಟು ಮಧ್ಯೆ ದೊಡ್ಡ ಗಾಜು ಹಾಕಿದ್ದರು. ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ತಿದ್ದುಪಡಿ ಚೀಟಿ ಕೊಡಬಹುದು. ಆ ಚೀಟಿ ಮೂರು ದಿನ ಗಾಜಿನ ಮೇಲಿರಬೇಕು. ಅಷ್ಟರೊಳಗೆ ಯಾರಾದರೂ ತಕರಾರು ಹಾಕಿದರೆ, ಹಾಕಿದವರು ಒಪ್ಪುವ ತನಕ ನಾನು ಕೈ ಹಚ್ಚುವ ಹಾಗಿಲ್ಲ. ನನ್ನ ಕೈತಪ್ಪಿನಿಂದ ಆದದ್ದಕ್ಕೆ ಮಾತ್ರ ಮೂರು ದಿನದ ಲೆಕ್ಕವಿಲ್ಲ, ಕಂಡ ಕೂಡಲೇ ಸರಿಮಾಡಬೇಕು.

ತಕರಾರು ಹಾಕುವವರು ಎಂದರೆ ಸಿಂಗ್ರಯ್ಯನವರು. ಎಪ್ಪತ್ತೆರಡು ವರ್ಷ. ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಮದುವೆಯಾದವರಲ್ಲ, ಅಣ್ಣತಮ್ಮಂದಿರಿಲ್ಲ. ಕಿವಿಯ ಮೇಲೊಂದು ಕೆಂಪು ಪೆನ್ಸಿಲು, ಕಂಕುಳಲ್ಲೊಂದು ಕೊಡೆ. ಊರಿನಲ್ಲಿ ಅವರ ತಕರಾರಿಗೆ ಸಿಕ್ಕದವರೇ ಇರಲಿಲ್ಲ. ನಾನು ಆ ಕೆಲಸಕ್ಕೆ ಬಂದ ಹನ್ನೊಂದು ವರ್ಷದಲ್ಲಿ ನನ್ನ ಕಾಗುಣಿತವೊಂದರ ಮೇಲೇ ಸಾವಿರದ ಚಿಲ್ಲರೆ ಚೀಟಿ ಕೊಟ್ಟಿದ್ದರು. ಅದಕ್ಕೂ ಮುಂಚೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಅಂಕಿಯಲ್ಲಿ ನನ್ನನ್ನು ಯಾರೂ ಮೀರಿಸಲಾರರು. ಒತ್ತಕ್ಷರ ಬಂದರೆ ಮಾತ್ರ ಕೈ ತಪ್ಪುತ್ತದೆ. ಇದನ್ನು ಆ ಮನುಷ್ಯ ಬೀದಿಗೆ ಕೇಳುವ ಹಾಗೆ ಹೇಳಬೇಕಾಗಿರಲಿಲ್ಲ.

ಜಗಳ ಶುರುವಾದದ್ದು ಬಾವಿಯಿಂದ. ಊರ ನಡುವಿನ ಬಾವಿಯ ಸಾಲಿನಲ್ಲಿ 'ತೋಡಿದವರು' ಎನ್ನುವ ಕಾಲಂನಲ್ಲಿ ಏಳು ಹೆಂಗಸರ ಹೆಸರಿತ್ತು. ಪಂಚಾಯ್ತಿ ಅಧ್ಯಕ್ಷರಾದ ದೇವೀರಪ್ಪನವರು ಅದರ ಜಾಗದಲ್ಲಿ ತಮ್ಮ ತಾತನ ಹೆಸರು ಹಾಕಬೇಕೆಂದು ಚೀಟಿ ಕೊಟ್ಟರು. ಅವರು ಕೆಟ್ಟವರಲ್ಲ. ದಪ್ಪ ಮೀಸೆ, ಒಳ್ಳೆಯ ಧ್ವನಿ. ಆದರೆ ಎಲ್ಲಿ ನೋಡಿದರೂ ತಮ್ಮ ಮನೆಯವರ ಹೆಸರು ಇರಬೇಕು ಅನ್ನುವ ಒಂದು ತುರಿಕೆ. ನಾನು ಪಕ್ಕಾ ಒತ್ತಿದ್ದರೆ ಬಾವಿಯ ಕಟ್ಟೆಯ ಮೇಲೆ ತಾತನ ಹೆಸರು ಮೂಡುತ್ತಿತ್ತು. ತಾತ ಗುದ್ದಲಿ ಹಿಡಿದದ್ದನ್ನು ಕಣ್ಣಾರೆ ಕಂಡೆವೆಂದು ಮುದುಕರೆಲ್ಲ ಆಣೆಯಿಟ್ಟು ಹೇಳುತ್ತಿದ್ದರು.

ಸಿಂಗ್ರಯ್ಯನವರು ಎರಡನೆಯ ದಿನವೇ ತಕರಾರು ಹಾಕಿದರು. ಗಾಜಿನ ಮುಂದೆ ಇಬ್ಬರೂ ಎದುರಾದರು.

"ನಿಮ್ಮ ತಾತ ಆ ಬಾವಿಗೆ ಮಾಡಿದ್ದು ಒಂದೇ ಕೆಲಸ ಅಧ್ಯಕ್ಷರೇ," ಎಂದರು ಸಿಂಗ್ರಯ್ಯನವರು. "ಒಂದ್ಸಲ ಅದರೊಳಗೆ ಬಿದ್ದಿದ್ದು. ಬೇಕಾದ್ರೆ 'ಬಿದ್ದವರು' ಅಂತ ಒಂದು ಕಾಲಂ ಮಾಡ್ಸಿ, ನಾನು ತಕರಾರು ಹಾಕಲ್ಲ."

"ಹಿರಿಯರ ಬಗ್ಗೆ ಮಾತಾಡೋವಾಗ ನಾಲಿಗೆ ಬಿಗಿ ಇರಲಿ!"

"ಆ ಏಳು ಜನದಲ್ಲಿ ಐದನೆಯವರು ನಮ್ಮವ್ವ. ಅವರೂ ಹಿರಿಯರೇ. ಕೈಯೆಲ್ಲ ಬೊಬ್ಬೆ ಬಂದು ಮೂರು ತಿಂಗಳು ರೊಟ್ಟಿ ತಟ್ಟೋಕಾಗದೆ ಇದ್ದಿದ್ದು ನಾನು ನೋಡಿದೀನಿ."

ಮಾರನೆಯ ದಿನ ಅಧ್ಯಕ್ಷರು ಇನ್ನೊಂದು ಚೀಟಿ ತಂದು ನನ್ನ ಕೈಗೇ ಕೊಟ್ಟರು. 'ಸಿಂಗ್ರಯ್ಯ, ಸಾಲು ನಂಬರು 412, ಊರಿಗೆ ಉಪಯೋಗವಿಲ್ಲ, ಅಳಿಸುವುದು.' ನನಗೆ ಎದೆ ಧಸಕ್ಕೆಂದಿತು. ಮನುಷ್ಯರನ್ನು ಅಳಿಸುವ ಚೀಟಿ ನನ್ನ ಕಾಲದಲ್ಲಿ ಬಂದಿರಲಿಲ್ಲ. ಸತ್ತವರನ್ನೂ ನಾವು ಅಳಿಸುವುದಿಲ್ಲ, 'ತೀರಿಕೊಂಡರು' ಎಂದು ಬರೆದು ಹಾಗೆಯೇ ಇಟ್ಟುಕೊಳ್ಳುತ್ತೇವೆ. ಆದರೂ ಸುಳ್ಳು ಯಾಕೆ ಹೇಳಲಿ, ಧಸಕ್ಕೆಂದ ಎದೆಯ ಕೆಳಗೆ ಎಲ್ಲೋ ಒಂದು ಸಣ್ಣ ಲಡ್ಡುವೂ ಒಡೆಯಿತು. ಚೀಟಿಯನ್ನು ನನ್ನ ಕೈಯಿಂದ ದಪ್ಪಕ್ಷರದಲ್ಲಿ ನಕಲು ಮಾಡಿ ಗಾಜಿಗೆ ಅಂಟಿಸಿದೆ.

ಮೂರು ದಿನ ಊರೆಲ್ಲ ಬಂದು ಓದಿಕೊಂಡು ಹೋಯಿತು. ಯಾರೂ ತಕರಾರು ಹಾಕಲಿಲ್ಲ. ಎಲ್ಲರದ್ದೂ ಒಂದಲ್ಲ ಒಂದು ಚೀಟಿ ಆ ಮುದುಕರಿಂದ ನಿಂತಿತ್ತು. ಸಂಕಟವಾದವರು ಇನ್ಯಾರಾದರೂ ಹಾಕುತ್ತಾರೆಂದು ಸುಮ್ಮನಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಸಿಂಗ್ರಯ್ಯನವರೇ ಹಾಕುತ್ತಾರೆಂದು ಎಲ್ಲರಿಗೂ ನಂಬಿಕೆ. ಅವರು ದಿನಾ ಬಂದರು, ಚೀಟಿ ಓದಿದರು, 'ಉಪಯೋಗವಿಲ್ಲ' ಎನ್ನುವಲ್ಲಿ ನಾನು ಬಿಟ್ಟಿದ್ದ ಒತ್ತನ್ನು ಪೆನ್ಸಿಲಿನಿಂದ ಹಾಕಿದರು, ಹೋದರು.

ನಾಲ್ಕನೆಯ ಬೆಳಗ್ಗೆ ಅಧ್ಯಕ್ಷರ ಎದುರಿಗೇ 412ನ್ನು ಅಳಿಸಲು ಹೋದೆ. ಯಂತ್ರ ಒಪ್ಪಲಿಲ್ಲ. ಈ ಸಾಲನ್ನು ಬೇರೆ ಸಾಲುಗಳು ಹಿಡಿದುಕೊಂಡಿವೆ, ಅಳಿಸಲಾಗದು ಎಂದು ತೋರಿಸಿತು.

"ಹಿಡ್ಕೊಂಡಿವೆ ಅಂದ್ರೆ? ಇವರನ್ನ ಹಿಡ್ಕೊಳ್ಳೋರು ಯಾರಿದಾರೆ?" ಎಂದರು ಅಧ್ಯಕ್ಷರು.

"ಕೊಂಡಿಗಳು ಸರ್. ನಲವತ್ತಮೂರು ಇವೆ. ಒಂದೊಂದನ್ನೂ ಬಿಡಿಸಬೇಕು. ಬಿಡಿಸೋಕೆ ಆಯಾ ಮನೆಯವರ ಸಹಿ ಬೇಕು."

ಪಟ್ಟಿ ಅಚ್ಚಾಗಿ ಹೊರಬಂತು. ಅದನ್ನು ನಾನು ಮುಟ್ಟುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ಎತ್ತಿಕೊಂಡಿತು. ಸಿಂಗ್ರಯ್ಯನವರು! ಕೊಡೆ, ನೀರಿನ ಬಾಟಲಿ, ಟಿಫಿನ್ ಡಬ್ಬಿ ಸಮೇತ ತಯಾರಾಗಿ ಬಂದಿದ್ದರು.

"ನಾನೂ ಬರ್ತೀನಿ," ಎಂದರು. "ಪಟ್ಟಿ ನನ್ನ ಹತ್ರ ಇರಲಿ. ನನ್ನನ್ನ ತೆಗೆಯೋದರಲ್ಲಿ ಒಂದೂ ತಪ್ಪಾಗಬಾರದು."

"ನಿಮಗೆ ತಕರಾರಿಲ್ವಾ?" ಎಂದೆ.

"ಇಲ್ಲ ಚಂಪಾವತಮ್ಮ. ನಲವತ್ತಮೂರು ಅಂದ್ರಲ್ಲ, ನಾನು ಮೂರೋ ನಾಲ್ಕೋ ಇರಬಹುದು ಅಂದ್ಕೊಂಡಿದ್ದೆ. ಯಾರ್ಯಾರು ಅಂತ ನೋಡೋ ಆಸೆ."

ಹೀಗೆ ಮೂವರೂ ಹೊರಟೆವು. ಮುಂದೆ ಅಧ್ಯಕ್ಷರು, ನಡುವೆ ಅಳಿಸಬೇಕಾದವರು, ಹಿಂದೆ ನಾನು. ಮೊದಲು ಸಿಕ್ಕಿದ್ದು ಕ್ಷೌರದ ಮುನಿವೆಂಕಟಪ್ಪನ ಅಂಗಡಿ. ಅವನ ಸಾಲಿನಲ್ಲಿ 'ಮೊದಲ ಗಿರಾಕಿ: 412' ಎಂದಿತ್ತು. ಮೂವತ್ತು ವರ್ಷದ ಹಿಂದೆ ಅಂಗಡಿ ತೆಗೆದ ದಿನ ಯಾರೂ ಬಾರದೆ ಇದ್ದಾಗ ಸಿಂಗ್ರಯ್ಯನವರು ಬಂದು ಕೂತಿದ್ದರಂತೆ. ಕೂತವರು ಬೋರ್ಡಿನ ಕಾಗುಣಿತ ಸರಿಯಿಲ್ಲವೆಂದು ಅರ್ಧ ಗಂಟೆ ಕೊರೆದಿದ್ದರು ಎನ್ನುವುದೂ ನಿಜ. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಎಲ್ಲಿ ಸಾಮಿ ಸಹಿ? ಎರಡು ಹಾಕ್ಲಾ?" ಎಂದು ಮುನಿವೆಂಕಟಪ್ಪ ಸೋಪಿನ ಕೈಯಲ್ಲೇ ಹಾಕಿದ. ನಾನು ನನ್ನ ಫೋನಿನಿಂದಲೇ ಕೊಂಡಿ ಬಿಡಿಸಿ ಪಕ್ಕಾ ಒತ್ತಿದೆ. ಒತ್ತಿದ್ದೇ ತಡ, ಕುರ್ಚಿಯಲ್ಲಿ ಅರ್ಧ ಮುಖ ಕ್ಷೌರವಾಗಿದ್ದ ಗಿರಾಕಿ ಎದ್ದು, ತಾನಿಲ್ಲಿ ಯಾಕಿದ್ದೇನೆಂದು ತಿಳಿಯದವನ ಹಾಗೆ ಸುತ್ತ ನೋಡಿ, ಟವೆಲು ಕೊಡವಿ ಹೊರಟುಹೋದ. ಕಾದು ಕೂತವರೂ ಅವನ ಹಿಂದೆ ಹೋದರು. ಮೊದಲನೆಯವನೇ ಬಾರದ ಅಂಗಡಿಗೆ ಎರಡನೆಯವನು ಹೇಗೆ ಬಂದಾನು? ಮುನಿವೆಂಕಟಪ್ಪ ಬಾಗಿಲಲ್ಲಿ ಹೊಸ ಮದುಮಗನ ಹಾಗೆ ನಿಂತು ಬೀದಿಯ ಎರಡೂ ಕಡೆ ನೋಡತೊಡಗಿದ.

"ಒಂದಾಯ್ತು," ಎಂದರು ಅಧ್ಯಕ್ಷರು. ಸ್ವಲ್ಪ ಮೆಲ್ಲಗೆ ಎಂದರು.

ಪದ್ದಮ್ಮನ ಮೆಸ್ಸಿನಲ್ಲಿ ಕೊಂಡಿ 'ಉಪ್ಪು ನೋಡುವವರು' ಎಂದಿತ್ತು. ದಿನಾ ಹನ್ನೊಂದೂವರೆಗೆ ಬಂದು ಒಂದು ಸೌಟು ಸಾರು ಅಂಗೈಗೆ ಹಾಕಿಸಿಕೊಂಡು, ಮುಖ ಕಿವಿಚಿ, ಒಂದು ಕಲ್ಲು ಹೆಚ್ಚು ಎಂದೋ ಕಡಿಮೆ ಎಂದೋ ಹೇಳಿ ಹೋಗುವುದು ಅವರ ರೂಢಿ. "ಇಪ್ಪತ್ತು ವರ್ಷದಲ್ಲಿ ಒಂದ್ ದಿನ ಚೆನ್ನಾಗಿದೆ ಅಂದಿಲ್ಲ ಈಯಪ್ಪ!" ಎಂದು ಪದ್ದಮ್ಮ ಸಹಿ ಹಾಕಿದಳು. ಒಳಗೆ ಊಟಕ್ಕೆ ಕೂತಿದ್ದ ಮೂವತ್ತು ಜನ ಒಟ್ಟಿಗೆ ನೀರಿನ ಲೋಟಕ್ಕೆ ಕೈ ಹಾಕಿದ್ದು ನಮಗೆ ಹೊರಗಿನಿಂದಲೇ ಕಾಣಿಸಿತು. ಸಿಂಗ್ರಯ್ಯನವರು ಪಟ್ಟಿಯಲ್ಲಿ ನೀಟಾಗಿ ಒಂದು ಗೆರೆ ಎಳೆದರು.

ಮೂರನೆಯದು ಗಿರಿಜಾಂಬೆಯ ಮನೆ. ಅವಳಿಗೂ ಪರಶಿವನಿಗೂ ಆದ ಮದುವೆಗೆ ಸಾಕ್ಷಿ ಹಾಕಿದವರು ಸಿಂಗ್ರಯ್ಯನವರು. ಆ ಗಂಡಹೆಂಡಿರ ಜಗಳ ಎಷ್ಟು ಕ್ರಮಬದ್ಧವೆಂದರೆ ಪಕ್ಕದ ಮನೆಯವರು ಅದನ್ನು ಕೇಳಿ ಹಾಲು ಕಾಯಿಸಲು ಇಡುತ್ತಿದ್ದರು.

"ಸಾಕ್ಷಿ ಹೋದ್ರೆ ಮದುವೇನೂ ಹೋಗುತ್ತಾ?" ಎಂದು ಗಿರಿಜಾಂಬೆ ಕಣ್ಣರಳಿಸಿ ಕೇಳಿದಳು. "ಇದನ್ನ ಮುಂಚೆನೇ ಹೇಳಬಾರದಾ? ಕೊಡಿ ಇಲ್ಲಿ ಪೆನ್ನು."

"ಅವಳ್ಯಾಕೆ ಮೊದಲು ಹಾಕಬೇಕು? ಮನೆ ಯಜಮಾನ ನಾನು," ಎಂದು ಪರಶಿವ ಪೆನ್ನು ಕಿತ್ತುಕೊಂಡ.

"ಮದುವೆ ಅರ್ಜಿಗೆ ಮೊದಲು ಸಹಿ ಹಾಕಿದ್ದು ನೀವು. ಇದಕ್ಕೆ ನಾನು."

"ಇಬ್ಬರದ್ದೂ ಬೇಕು," ಎಂದು ಸಿಂಗ್ರಯ್ಯನವರು ನಡುವೆ ಬಾಯಿ ಹಾಕಿದರು. "ಒಬ್ಬರದು ಹಾಕಿ ಇನ್ನೊಬ್ಬರದು ಬಿಟ್ಟರೆ ನಡೆಯಲ್ಲ. ಯಾರು ಮೊದಲು ಅಂತ ತೀರ್ಮಾನ ಮಾಡ್ಕೊಳ್ಳಿ, ನಾವು ಕಾಯ್ತೀವಿ."

ಒಂದು ಗಂಟೆ ಕಾದೆವು. ತೀರ್ಮಾನವಾಗಲಿಲ್ಲ. ಕೊನೆಗೆ ಗಿರಿಜಾಂಬೆ ಪೆನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡು, "ನಾಳೆ ಬನ್ನಿ, ಇವತ್ತು ಇವರಿಗೆ ಇನ್ನೂ ಎರಡು ಮಾತು ಹೇಳೋದಿದೆ," ಎಂದು ಒಳಗೆ ಹೋದಳು. ಮಾರನೆಯ ದಿನ ಹೋದಾಗ ಇಬ್ಬರೂ ಮನೆಗೆ ಬೀಗ ಹಾಕಿಕೊಂಡು ಎಲ್ಲೋ ಹೋಗಿಬಿಟ್ಟಿದ್ದರು. ಒಟ್ಟಿಗೇ.

ಎರಡು ದಿನದಲ್ಲಿ ಆರು ಕೊಂಡಿ ಬಿಡಿಸಿದ್ದೆವು. ಆರಕ್ಕೇ ಊರು ಒಂದು ಥರಾ ಆಗಿತ್ತು. ಗಂಡಸರೆಲ್ಲ ಗಡ್ಡ ಕೆರೆದುಕೊಳ್ಳುತ್ತ, ಸಪ್ಪೆ ಇಲ್ಲವೇ ಉಪ್ಪುಪ್ಪು ಊಟ ಮಾಡಿ, ಸಿಡುಕಾಡುತ್ತ ತಿರುಗುತ್ತಿದ್ದರು. ಉಳಿದ ಮೂವತ್ತೇಳು ಮನೆಯವರು ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಸಿಂಗ್ರಯ್ಯನವರು ಮಾತ್ರ, ಯಾವುದೋ ಹಳೆಯ ಪುಸ್ತಕದ ಕರಡು ಸಿಕ್ಕವರ ಹಾಗೆ, ಪಟ್ಟಿಯ ಒಂದೊಂದು ಹೆಸರನ್ನೂ ಎರಡೆರಡು ಸಲ ಓದುತ್ತಿದ್ದರು. "ಗಿರಣಿಯವರ ಮಗಳಿಗೆ ಸೈಕಲ್ ಹಿಡಿದದ್ದು ನಾನಂತೆ. ನೆನಪೇ ಇಲ್ಲ ನೋಡಿ," ಎಂದರು ಒಮ್ಮೆ. ಅದು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಫ್ಯಾಕ್ಟರಿಯ ಬಾಗಿಲಲ್ಲಿ ಅಧ್ಯಕ್ಷರ ತಾಳ್ಮೆ ಮುಗಿಯಿತು. "ಒಂದೊಂದೇ ಬಿಡಿಸ್ತಾ ಕೂತ್ರೆ ನನ್ನ ಅವಧಿನೇ ಮುಗಿಯುತ್ತೆ. ಬೇರೆ ದಾರಿ ಇಲ್ವೇನ್ರೀ?"

ದಾರಿ ನನಗೂ ಗೊತ್ತಿತ್ತು. ಹೇಳಿದವರು ಸಿಂಗ್ರಯ್ಯನವರೇ. "ಇದೆಯಲ್ಲ, 'ಸಮೇತ'. ಒಂದು ಸಾಲು ಅಳಿಸೋವಾಗ ಅದನ್ನ ಹಿಡ್ಕೊಂಡಿರೋದನ್ನೆಲ್ಲ ಸಮೇತ ತೆಗಿ ಅಂತ ಹೇಳಬಹುದು. ಸಹಿ ಗಿಹಿ ಏನೂ ಬೇಡ. ತಂತ್ರಾಂಶದ ಕೈಪಿಡಿ ಪೂರ್ತಿ ಓದಿದೀನಿ ನಾನು." ಆಮೇಲೆ ನನ್ನ ಕಡೆ ತಿರುಗಿ, "ಆದರೆ ಚಂಪಾವತಮ್ಮ, ಪಕ್ಕಾ ಒತ್ತೋ ಮುಂಚೆ ಒಂದ್ಸಲ ನೋಡ್ಕೋಬೇಕು. ಕರಡು ನೋಡದೆ ಅಚ್ಚಿಗೆ ಕಳಿಸಬಾರದು," ಎಂದರು. ಎಂದವರೇ ಹೊರಗೆ ಹೋಗಿ ಗಾಜಿನೆದುರಿನ ಕಲ್ಲುಬೆಂಚಿನ ಮೇಲೆ ಕೂತು ಜೇಬಿನಿಂದ ಒಂದು ಸೀಬೆಕಾಯಿ ತೆಗೆದರು.

ಅವರು ಏನು ಹೇಳುತ್ತಿದ್ದಾರೆಂದು ನನಗೆ ಹೊಳೆಯಿತು. ಪಕ್ಕಾ ಮಾಡುವ ತನಕ ತಿದ್ದುಪಡಿ ಹೊರಗಿನವರ ಪಾಲಿಗೆ ಆಗಿಯೇ ಇರುವುದಿಲ್ಲ. ಯಂತ್ರದ ಮುಂದೆ ಕೂತವರಿಗೆ ಮಾತ್ರ ಅದು ಆದ ಹಾಗೆ ಕಾಣುತ್ತದೆ. ಇಷ್ಟವಿಲ್ಲದಿದ್ದರೆ ಎಡಗಡೆಯ ಕೆಂಪು ಗುಂಡಿ ಒತ್ತಿದರಾಯಿತು, ಎಲ್ಲ ವಾಪಸ್. ಅಧ್ಯಕ್ಷರಿಗೆ ಇದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅವರಿಗೊಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಸ್ವಲ್ಪ ಬೆವರಿಳಿಸೋಣ ಎನ್ನುವ ಚೇಷ್ಟೆ, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

'412 ಅಳಿಸು, ಸಮೇತ' ಎಂದು ಹೊಡೆದೆ. ಕಾಗುಣಿತ ಸರಿಯಾಗಿತ್ತು. ಪರದೆಯ ಮೇಲೆ ಲೆಕ್ಕ ಓಡತೊಡಗಿತು. 1. 38. 390. ಗಾಜಿನಾಚೆ ಬೆಂಚಿನ ಮೇಲೆ ಸೀಬೆಕಾಯಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತ್ತು, ಆಮೇಲೆ ಅದೂ ಇಲ್ಲ. ಗಿರಿಜಾಂಬೆಯ ಮನೆ ಇದ್ದಲ್ಲಿ ಆಕಾಶ ಕಂಡಿತು. ಸೈಕಲ್ಲಿನಲ್ಲಿ ಬರುತ್ತಿದ್ದ ಗಿರಣಿಯವರ ಮಗಳು ಹೋದಳು, ಸೈಕಲ್ಲು ನಾಲ್ಕು ಮಾರು ಒಂಟಿಯಾಗಿ ಓಡಿ ತಾನೂ ಹೋಯಿತು. ಗಿರಣಿ ಹೋಯಿತು. ಹಿಟ್ಟಿನ ಧೂಳು ಮಾತ್ರ ಬಿಸಿಲಲ್ಲಿ ಉಳಿದಿತ್ತು.

"ಏನ್ರೀ ಇದು? ನಾನು ಹೇಳಿದ್ದು ಆ ಒಬ್ಬರನ್ನ!"

"ಸಮೇತ ಅಂದ್ರೆ ಸಮೇತ ಸರ್."

1,216. 2,940. ಬೀದಿಯ ತುದಿಯಲ್ಲಿ ಅಧ್ಯಕ್ಷರ ಹೆಂಡತಿ ನೀಲಾಂಬಿಕೆಯವರು ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಅವರ ಮದುವೆಗೂ ಸಾಕ್ಷಿ ಯಾರೆಂದು ಅಧ್ಯಕ್ಷರು ಮರೆತಿದ್ದರೆಂದು ಕಾಣುತ್ತದೆ. ಆಕೆ ಬಿಸಿಲಿಗೆ ಕಣ್ಣು ಕಿರಿದುಮಾಡಿ ನಮ್ಮತ್ತ ನೋಡಿದರು. ಮರುಕ್ಷಣ ಅಲ್ಲಿ ಬರೀ ಬಿಸಿಲಿತ್ತು. ದೇವೀರಪ್ಪನವರು ಕುರ್ಚಿಯಿಂದ ಎದ್ದು ಗಾಜಿಗೆ ಎರಡೂ ಕೈ ಊರಿ ನಿಂತರು. "ನೀಲಾ," ಎಂದರು. ಆ ಮನುಷ್ಯನಿಗೆ ಅಷ್ಟು ಸಣ್ಣ ಧ್ವನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ತಮ್ಮ ಕಾಲ ಕಡೆ ನೋಡಿಕೊಂಡರು. ಮೊಣಕಾಲಿನಿಂದ ಕೆಳಗೆ ಏನೂ ಇರಲಿಲ್ಲ.

ಇಷ್ಟು ಸಾಕೆಂದು ನಾನು ಕೆಂಪು ಗುಂಡಿಗೆ ಬೆರಳು ಚಾಚಿದೆ. ಬೆರಳು ಗುಂಡಿಯೊಳಗೆ ಹೊಗೆಯ ಹಾಗೆ ಹಾದುಹೋಯಿತು.

ನೋಡುತ್ತೇನೆ, ನನ್ನ ಎರಡೂ ಕೈ ಮಣಿಕಟ್ಟಿನ ತನಕ ಇಲ್ಲ. ನನಗೆ ಅರ್ಥವಾಗಲಿಲ್ಲ. ಆ ಮುದುಕರಿಗೂ ನನಗೂ ಎಲ್ಲಿಯ ಕೊಂಡಿ? ನನ್ನ ಮದುವೆ ಆದದ್ದು ಬೇರೆ ಊರಿನಲ್ಲಿ, ನನ್ನ ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದವಳು ನಾನು. ಯೋಚಿಸಲು ಹೊತ್ತಿರಲಿಲ್ಲ, ಮೊಣಕೈ ಕರಗುತ್ತಿತ್ತು.

"ಸರ್! ಎಡಗಡೆ ಕೆಂಪು ಗುಂಡಿ! ಒತ್ತಿ!"

"ನಂಗೆ ಇದೆಲ್ಲ ಬರಲ್ಲ ರೀ! ಯಾವುದು ಎಡ?"

"ನೀವು ಊಟ ಮಾಡದೆ ಇರೋ ಕೈ!"

ಕಾಲಿಲ್ಲದ ದೇವೀರಪ್ಪನವರು ಮೇಜಿನ ಮೇಲೆ ಹೊಟ್ಟೆ ಹಾಕಿ ತೆವಳಿ, ಕೈ ಬೀಸಿ, ಮೊದಲು ನನ್ನ ಚಹಾದ ಲೋಟ ಕೆಡವಿ, ಆಮೇಲೆ ಅಂಗೈ ಪೂರ್ತಿ ಆ ಗುಂಡಿಯ ಮೇಲೆ ಬಡಿದರು.

ಎಲ್ಲ ವಾಪಸ್ ಬಂತು. ಗಿರಣಿಯ ಸದ್ದು ಮೊದಲು, ಆಮೇಲೆ ಗಿರಣಿ. ಬೆಂಚಿನ ಮೇಲೆ ಸಿಂಗ್ರಯ್ಯನವರು ಸೀಬೆಕಾಯಿ ಕಚ್ಚಿ, ಬೀಜ ಹಲ್ಲಿಗೆ ಸಿಕ್ಕಿದ್ದಕ್ಕೆ ಮುಖ ಕಿವಿಚುತ್ತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಪಕ್ಕಾ ಒತ್ತದ ಕಾರಣ ಯಾರಿಗೂ ಏನೂ ಆಗಿರಲಿಲ್ಲ. ನಾವಿಬ್ಬರೂ ಪೂರ್ತಿ ಕರಗಿಹೋಗಿದ್ದರೆ ಆ ಗುಂಡಿ ಒತ್ತುವವರು ಯಾರಿದ್ದರು ಎನ್ನುವುದನ್ನು ಮಾತ್ರ ನಾನು ಇವತ್ತಿಗೂ ಯೋಚಿಸದೆ ಇರಲು ಪ್ರಯತ್ನಿಸುತ್ತೇನೆ.

ನೀಲಾಂಬಿಕೆಯವರು ಒಳಗೆ ಬಂದರು. ಅಧ್ಯಕ್ಷರು ಅವರ ಕೈಯಿಂದ ಕ್ಯಾರಿಯರ್ ತೆಗೆದುಕೊಂಡು, ಅದನ್ನು ಹಿಡಿದುಕೊಂಡೇ ನಿಂತು, "ನಿಂದು ಊಟ ಆಯ್ತಾ?" ಎಂದರು. ಮೂವತ್ತೆರಡು ವರ್ಷದಲ್ಲಿ ಹೀಗೆ ಕೇಳಿದ್ದು ಅದೇ ಮೊದಲೆಂದು ಆಕೆ ಆಮೇಲೆ ಊರಿಗೆಲ್ಲ ಹೇಳಿದರು. ಜ್ವರ ಬಂದಿರಬೇಕೆಂದು ಹಣೆ ಮುಟ್ಟಿಯೂ ನೋಡಿದರಂತೆ.

ಮಾರನೆಯ ದಿನ ಅಧ್ಯಕ್ಷರು ಎರಡೂ ಚೀಟಿ ವಾಪಸ್ ಪಡೆದರು. ಬಾವಿಯ ಚೀಟಿಯ ಹಿಂಭಾಗದಲ್ಲಿ 'ತಾತನ ಹೆಸರಿನ ಕಾಗುಣಿತದ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲದ ಕಾರಣ' ಎಂದು ಕಾರಣ ಬರೆದಿದ್ದರು. ಆರು ಕೊಂಡಿಗಳನ್ನು ಮತ್ತೆ ಹಾಕಿಸಲು ತಾವೇ ಮನೆಮನೆಗೆ ಹೋಗಿ ಸಹಿ ತಂದರು. ಮುನಿವೆಂಕಟಪ್ಪ ಮೂರು ಹಾಕಿಕೊಟ್ಟಿದ್ದ. ಪದ್ದಮ್ಮ ಸಹಿ ಹಾಕಿ, "ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆ, ತಡ ಮಾಡಬಾರದು ಅಂತ ಹೇಳಿ ಆಯಪ್ಪನಿಗೆ," ಎಂದಳಂತೆ.

ಅಧ್ಯಕ್ಷರು ಸಹಿಗಳನ್ನು ಕೊಟ್ಟು ಹೋದ ಮೇಲೆ ನಾನು ಬಾಗಿಲು ಹಾಕಿ, ಹನ್ನೊಂದು ವರ್ಷದಲ್ಲಿ ಮಾಡದೆ ಇದ್ದ ಒಂದು ಕೆಲಸ ಮಾಡಿದೆ. ನನ್ನದೇ ಸಾಲು ತೆಗೆದು ಓದಿದೆ. ಊರಿನವರದ್ದೆಲ್ಲ ಬಾಯಿಪಾಠವಾಗಿದ್ದ ನನಗೆ ನನ್ನದು ಗೊತ್ತಿರಲಿಲ್ಲ. ಉದ್ಯೋಗ: ಕೋಷ್ಟಕ ನೋಡಿಕೊಳ್ಳುವವರು. ಶಿಫಾರಸು ಮಾಡಿದವರು: 412. ಅದರ ಮುಂದೆ 'ಕಾರಣ' ಎಂದೊಂದು ಕಾಲಂ. ಅದರಲ್ಲಿ ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಹೀಗಿತ್ತು: 'ಅರ್ಜಿ ಹಾಕಿದ ಒಂಬತ್ತು ಜನರಲ್ಲಿ ಈಕೆಯ ಕಾಗುಣಿತ ಅತ್ಯಂತ ಕೆಟ್ಟದಾಗಿದೆ. ಇವರನ್ನು ನೇಮಿಸಿದರೆ ನನಗೆ ದಿನವೂ ಹೋಗಲು ಒಂದು ಜಾಗವಿರುತ್ತದೆ.'

ಕೊಡೆ ತೆಗೆದುಕೊಂಡು ನೆಟ್ಟಗೆ ಅವರ ಮನೆಗೆ ಹೋದೆ. ಜಗಳವಾಡಲೆಂದೇ ಹೋದದ್ದು. ಎರಡು ಕೋಣೆಯ ಮನೆ, ಒಂದು ಗೋಡೆ ತುಂಬ ಕಟ್ಟುಕಟ್ಟು ಹಳೆಯ ಕರಡುಗಳು. ಕೊನೆಯ ಹಾಳೆ ಬಿಟ್ಟು ಉಳಿದ ಪಟ್ಟಿ ಮೇಜಿನ ಮೇಲಿತ್ತು. ಆ ಹಾಳೆಯಲ್ಲಿ ಯಾರ ಹೆಸರಿತ್ತೆಂದು ನಾನು ಕೇಳಬೇಕಾಗಿರಲಿಲ್ಲ, ನನ್ನದೇ. ಅವರೂ ನಾನು ಬಂದದ್ದೇಕೆಂದು ಕೇಳಲಿಲ್ಲ. ಇರುವ ಒಂದೇ ಕುರ್ಚಿಯ ಮೇಲಿನ ಕಾಗದ ಎತ್ತಿಟ್ಟು ನನ್ನನ್ನು ಕೂರಿಸಿ, ಒಳಗೆ ಹೋಗಿ, ಬಹಳ ಹೊತ್ತು ಪಾತ್ರೆ ಸದ್ದು ಮಾಡಿ, ಒಂದು ಲೋಟ ಕಾಫಿ ತಂದರು. ಬೇರೆಯವರಿಗೆ ಕಾಫಿ ಮಾಡಿ ಎಷ್ಟು ವರ್ಷವಾಗಿತ್ತೋ.

ಒಂದು ಗುಟುಕು ಕುಡಿದೆ. ಪಾಕದ ಹಾಗಿತ್ತು.

"ಸಕ್ಕರೆ ಜಾಸ್ತಿಯಾಯ್ತು," ಎಂದೆ.

ಸಿಂಗ್ರಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೇಜಿನಿಂದ ಒಂದು ಖಾಲಿ ಚೀಟಿ, ಕಿವಿಯಿಂದ ಪೆನ್ಸಿಲು ತೆಗೆದು ನನ್ನ ಮುಂದಿಟ್ಟರು.

"ಬರೆದು ಕೊಡಿ."

ಬರೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಓದಿ, 'ಸಕ್ಕರೆ'ಗೆ ನಾನು ಬಿಟ್ಟಿದ್ದ ಒತ್ತು ಹಾಕಿ, ಮಡಚಿ ಜೇಬಿಗೆ ಇಟ್ಟುಕೊಂಡು, ಇನ್ನೊಂದು ಲೋಟ ಮಾಡಲು ಒಳಗೆ ಹೋದರು.